ಕವರಿನ ಮೇಲೆ ಬರೆದ ಅವ್ವ

ಹೊಟ್ಟೆಕಿಚ್ಚು ಪಾಪವೆಂದು ನನಗೆ ಚೆನ್ನಾಗಿ ಗೊತ್ತು. ಭಾನುವಾರ ಚರ್ಚಿನಲ್ಲಿ ಪಾಪ ಅರಿಕೆಯ ಪ್ರಾರ್ಥನೆ ಬಂದಾಗಲೆಲ್ಲ ನನ್ನ ಮುಚ್ಚಿದ ಕಣ್ಣಿನ ಮುಂದೆ ಬರುತ್ತಿದ್ದವಳು ಪಕ್ಕದ ಮನೆಯಾಕೆ. ನೆರೆಮನೆಯ ಯಾವುದಕ್ಕೂ ಆಸೆಪಡಬಾರದೆಂದು ದೇವರ ಆಜ್ಞೆಯಿದೆ. ನೆರೆಮನೆಯಲ್ಲಿ ಇರುವುದು ನಮ್ಮ ಮಗಳೇ ಆದರೆ ಏನು ಮಾಡಬೇಕೆಂದು ಯಾವ ಪಾದ್ರಿಯೂ ಹೇಳಿಕೊಡಲಿಲ್ಲ.

ತಮಿಳು ಸೀಮೆಯ ಸಿಂಗಾನಲ್ಲೂರಿನಲ್ಲಿ ನಮ್ಮದು ಸಾಲುಮನೆ. ಎಲ್ಲರಿಗೂ ಒಂದೇ ಗೇಟು, ಒಂದೇ ನೀರಿನ ತೊಟ್ಟಿ. ನಾನು ಕೊಳ್ಳೇಗಾಲದ ಕಡೆಯಿಂದ ಮದುವೆಯಾಗಿ ಬಂದವಳು. ಗಂಡನದು ತಮಿಳು ಮನೆ, ಪಂಪು ಮಾಡುವ ಕಾರ್ಖಾನೆಯಲ್ಲಿ ಕೆಲಸ. ಪಕ್ಕದ ಮನೆಯವರು ತಲೆತಲಾಂತರದಿಂದ ಇಲ್ಲೇ ಇರುವ ಕನ್ನಡದ ನೇಕಾರರು. ಹೊಸದಾಗಿ ಬಂದ ವಾರ, ನೀರು ಹಿಡಿಯಲು ನಿಂತಿದ್ದಾಗ ಆ ಮನೆಯಾಕೆ, "ಏನ್ ಕಣ್ಣು, ಕೊಡ ತುಂಬ್ತಾ?" ಎಂದು ಕೇಳಿದಾಗ ನಾನು ಕೊಡ ಬಿಟ್ಟು ಅಳುತ್ತ ನಿಂತಿದ್ದೆ. ಆ ಊರಿನಲ್ಲಿ ನನ್ನ ಕಿವಿಗೆ ಬಿದ್ದ ಮೊದಲ ಕನ್ನಡ ಅದು. ಆಕೆ ಅಲ್ಲಿಯವರಂತೆ ಮುದ್ದಿಗೆ ನನ್ನನ್ನು ಕಣ್ಣು ಎಂದಳು, ಅಂದಿನಿಂದ ನಾನು ಆಕೆಯನ್ನು ದೊಡ್ಡಮ್ಮ ಎಂದು ಕರೆದೆ. ಅಷ್ಟು ಇಷ್ಟಪಟ್ಟವಳ ಮೇಲೆ ಮುಂದೆ ಅಷ್ಟು ಕಿಚ್ಚುಪಡುತ್ತೇನೆಂದು ಯಾರಿಗೆ ಗೊತ್ತಿತ್ತು?

ಮಗಳಿಗೆ ಒಂದು ವರ್ಷ ತುಂಬಿದಾಗ ನಾನು ತಿರುಪ್ಪೂರಿನ ಬನಿಯನ್ ಕಂಪನಿಗೆ ಸೇರಿದೆ. ಗಂಡನ ಒಬ್ಬನ ಸಂಬಳದಲ್ಲಿ ಬಾಡಿಗೆ ಕಟ್ಟಿ ಹಾಲು ಕೊಳ್ಳುವಷ್ಟರಲ್ಲಿ ತಿಂಗಳು ಮುಗಿಯುತ್ತಿರಲಿಲ್ಲ, ದುಡ್ಡು ಮುಗಿಯುತ್ತಿತ್ತು. ಕಂಪನಿಯ ವ್ಯಾನು ಬೆಳಿಗ್ಗೆ ಬೇಗ ಬರುತ್ತಿತ್ತು. ದಿನವಿಡೀ ನಿಂತು ಬಟ್ಟೆಯಲ್ಲಿ ತೂತು, ಕಲೆ, ಬಿಟ್ಟುಹೋದ ಹೊಲಿಗೆ ಹುಡುಕುವ ಕೆಲಸ. ಮಗುವನ್ನು ದೊಡ್ಡಮ್ಮನ ಕೈಗೆ ಕೊಟ್ಟು ಹೋಗುತ್ತಿದ್ದೆ. ಕೂದಲು ಬೆಳೆದ ಮೇಲೆ, ಸಂಜೆ ಬಂದಾಗ ಮಗು ಎಣ್ಣೆ ಹಚ್ಚಿ ಬಿಗಿಯಾಗಿ ಜಡೆ ಹಾಕಿಸಿಕೊಂಡು ಕೂತಿರುತ್ತಿತ್ತು. ನಾನು ಕೈಕಾಲು ತೊಳೆದು ಮೊದಲು ಮಾಡುತ್ತಿದ್ದ ಕೆಲಸವೆಂದರೆ ಆ ಜಡೆ ಬಿಚ್ಚಿ ಮತ್ತೆ ಹಾಕುವುದು. ಜಡೆಯಲ್ಲಿ ಯಾವ ತಪ್ಪೂ ಇರುತ್ತಿರಲಿಲ್ಲ. ದಿನವೆಲ್ಲ ತಪ್ಪು ಹುಡುಕಿದ ಕಣ್ಣಿಗೆ ಅದರಲ್ಲೂ ಒಂದು ಸಿಗಲಿ ಎಂಬ ಆಸೆ. ಅರ್ಧ ಜಡೆಗೆ ಮಗು ತೂಕಡಿಸುತ್ತಿತ್ತು.

ಎಲ್ಲಕ್ಕಿಂತ ನನ್ನನ್ನು ಸುಟ್ಟದ್ದು ಒಂದು ಮಾತು. ನಮ್ಮ ಕಡೆ ತಾಯಿಯನ್ನು ಕರೆಯುವುದು ಅವ್ವ ಎಂದು. ನಾನೂ ನನ್ನ ತಾಯಿಯನ್ನು ಹಾಗೇ ಕರೆದವಳು. ಆದರೆ ಗಂಡನ ಚರ್ಚಿನ ಮಕ್ಕಳೆಲ್ಲ ಮಮ್ಮಿ ಎನ್ನುತ್ತಿದ್ದರಲ್ಲ, ನಾವೇನು ಕಡಿಮೆ ಎಂದು ನನ್ನ ಮಗಳಿಗೂ ಮಮ್ಮಿ ಎನ್ನಲು ಕಲಿಸಿದೆ. ಕಲಿಸಿದ್ದು ನಾನೇ, ಯಾರನ್ನೂ ದೂರುವಂತಿಲ್ಲ. ನಮ್ಮ ಬೀದಿಯಲ್ಲಿ ತೆಲುಗಿನವರ ರೂಢಿ ಬೆರೆತು ಅವ್ವ ಎಂದರೆ ಅಜ್ಜಿ. ಮಗಳು ದೊಡ್ಡಮ್ಮನನ್ನು ಅವ್ವ ಎಂದಳು. ಅವಳ ಲೆಕ್ಕದಲ್ಲಿ ಅದು ಅಜ್ಜಿ. ನನ್ನ ಕಿವಿಯಲ್ಲಿ ಅದು ತಾಯಿ. ಶಾಲೆಯಿಂದ ಬಂದು ಗೇಟು ತಳ್ಳಿದವಳೇ "ಅವ್ವಾ" ಎಂದು ಕೂಗುತ್ತಿದ್ದಳು, ಪಕ್ಕದ ಬಾಗಿಲಿನಿಂದ "ಓ" ಎಂಬ ಉತ್ತರ ಬರುತ್ತಿತ್ತು. ರಜೆಯ ದಿನ ಮನೆಯಲ್ಲಿದ್ದರೆ ನಾನು ಒಲೆಯ ಮುಂದೆ ಬಾಯಿ ಬಿಗಿಹಿಡಿದು ನಿಂತಿರುತ್ತಿದ್ದೆ. ಜ್ವರ ಬಂದಾಗ ಮಗಳು ನನ್ನ ಮಡಿಲಲ್ಲಿ ಮಲಗಿ ಅವ್ವ ಎಂದು ನರಳಿದಳು. ಯಾವ ಅವ್ವ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಚರ್ಚಿನಲ್ಲಿ ಕಾಣಿಕೆ ಹಾಕಲು ಶಿಲುಬೆ ಅಚ್ಚಾದ ಸಣ್ಣ ಕವರುಗಳನ್ನು ಇಟ್ಟಿರುತ್ತಾರೆ. ಬರುವಾಗ ನಾಲ್ಕು ಹೆಚ್ಚಿಗೆ ತರುವ ಕೆಟ್ಟ ಚಾಳಿ ನನಗಿದೆ. ಮನೆಯ ಖರ್ಚನ್ನೆಲ್ಲ ಅವುಗಳಲ್ಲೇ ವಿಂಗಡಿಸುತ್ತೇನೆ. ಮೊದಲು ದೇವರಿಗೆ, ಆಮೇಲೆ ಹಾಲು, ಗ್ಯಾಸು, ಫೀಸು. ದೊಡ್ಡಮ್ಮನಿಗೂ ತಿಂಗಳು ತಿಂಗಳು ಒಂದು ಕವರು. ಆಕೆ ಕೇಳಿದ್ದಲ್ಲ, ನಾನೇ ಹಟ ಹಿಡಿದು ಕೊಡುತ್ತಿದ್ದೆ. ಕೂಲಿ ಕೊಟ್ಟರೆ ಅದು ಕೆಲಸ ಅನ್ನಿಸಿಕೊಳ್ಳುತ್ತದೆ, ಪ್ರೀತಿಯ ಲೆಕ್ಕಕ್ಕೆ ಸೇರುವುದಿಲ್ಲ ಎಂಬುದು ನನ್ನ ಜಾಣತನ. ಆ ಕವರಿನ ಮೇಲೆ 'ಪಕ್ಕದ ಮನೆ' ಎಂದು ಬರೆಯುತ್ತಿದ್ದೆ. ಆಕೆ ಅದನ್ನು ತೆಗೆದುಕೊಂಡು ವೀಳ್ಯದೆಲೆಗೋ ಮಾತ್ರೆಗೋ ಖರ್ಚು ಮಾಡುತ್ತಿದ್ದಳು. ಮಗಳ ಮೇಲಿನ ಅಕ್ಕರೆ ಒಂದು ಚೂರೂ ಕಡಿಮೆಯಾಗಲಿಲ್ಲ.

ನನಗೆಂದು ಉಳಿದದ್ದು ಭಾನುವಾರದ ಮಧ್ಯಾಹ್ನ. ತವರಿನಿಂದ ತಂದ ಕನ್ನಡ ಬೈಬಲನ್ನು ತೊಡೆಯ ಮೇಲಿಟ್ಟುಕೊಂಡು ಮಗಳಿಗೆ ಅಕ್ಷರ ಹೇಳಿಕೊಡುತ್ತಿದ್ದೆ. ಶಾಲೆಯಲ್ಲಿ ಅವಳಿಗೆ ತಮಿಳು, ಇಂಗ್ಲಿಷು. ಕನ್ನಡದ ಅಕ್ಷರ ನಮ್ಮ ಸಾಲಿನಲ್ಲಿ ನನಗೊಬ್ಬಳಿಗೇ ಬರುತ್ತಿತ್ತು. ದೊಡ್ಡಮ್ಮ ಹೊಸಿಲಿನಲ್ಲಿ ಕೂತು ನಗುತ್ತಿದ್ದಳು; ಅಕ್ಷರ ಆಕೆಯ ಬಾಯಲ್ಲಿ ಎಳುತ್ತು. "ಇದೇನ್ ಎಳುತ್ತು ಕಣ್ಣು, ಜಾಂಗಿರಿ ಸುತ್ತಿದಂಗೆ ಇದೆ!" ಕನ್ನಡ ಮಾತನಾಡುವವಳು ಕನ್ನಡ ಓದಲಾರಳು ಎಂಬುದು ಆಗ ನನಗೆ ಎಷ್ಟು ಹಿತವಾಗಿತ್ತೆಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಹೋದ ವರ್ಷ ಮಗಳಿಗೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ನಮ್ಮಲ್ಲಿ ಮೊದಲ ಸಂಬಳದ ಮೊದಲ ಪಾಲು ದೇವರಿಗೆ. ಎರಡನೆಯದು ಯಾರ ಕೈಗೆ ಬರುತ್ತದೆ ಎಂಬುದೇ ತಿಂಗಳೆಲ್ಲ ನನ್ನ ತಲೆಯಲ್ಲಿ ಕೊರೆಯುತ್ತಿತ್ತು. ದುಡ್ಡು ಬೇಕಿರಲಿಲ್ಲ, ಅದು ಮೊದಲು ನನ್ನ ಕೈಗೆ ಬರಬೇಕಿತ್ತು. ಗಂಡನ ಹತ್ತಿರ ಹೇಳಿಕೊಂಡರೆ ಆತ ನಕ್ಕು, "ದೇವರೇ ತನ್ನ ಪಾಲಿಗೆ ಸುಮ್ಮನಿರುವಾಗ ನಿನ್ನದೇನು ಜಗಳ?" ಎಂದು ತಮಿಳಿನಲ್ಲಿ ಗದರಿದ.

ಸಂಬಳ ಬಂದ ವಾರದ ಶನಿವಾರ ಕಂಪನಿಯಲ್ಲಿ ಆರ್ಡರ್ ಇರಲಿಲ್ಲ, ರಜೆ ಕೊಟ್ಟಿದ್ದರು. ಮಗಳು ಲ್ಯಾಬಿಗೆ ಹೋಗಿದ್ದಳು. ಮರುದಿನದ ಕಾಣಿಕೆಯನ್ನು ಇಡಲು ಸಂಜೆ ಬೈಬಲು ತೆರೆದರೆ ನಡುವೆ ಒಂದು ಕವರು. ನನ್ನದೇ ಶಿಲುಬೆಯ ಕವರು, ಬಾಯಿ ಅಂಟಿಸಿತ್ತು. ಮೇಲೆ ಮಗಳ ಕೈಬರಹ: ಅವ್ವ.

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಬೈಬಲಿನಲ್ಲಿ, ನಾನು ಕಲಿಸಿದ ಅಕ್ಷರದಲ್ಲಿ, ಆಕೆಗೆ ಕವರು! ಸೆರಗು ಸಿಕ್ಕಿಸಿಕೊಂಡು ಪಕ್ಕದ ಮನೆಗೆ ನುಗ್ಗಿದೆ. ದೊಡ್ಡಮ್ಮ ಹೊಸಿಲಿನಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು.

"ತಕ್ಕೊಳಿ. ನಿಮ್ಮ ಮಗಳು ನನ್ನ ಬೈಬಲಲ್ಲಿ ಸಂಬಳ ಮಡಗವ್ಳೆ," ಎಂದು ಕವರನ್ನು ಮೊರಕ್ಕೆ ಎಸೆದೆ. ಇಪ್ಪತ್ತು ವರ್ಷದಲ್ಲಿ ಆಕೆಯ ಮುಂದೆ ನಾನು ದನಿ ಎತ್ತಿದ್ದು ಅದೇ ಮೊದಲು.

ಆಕೆ ಕೈ ಒರೆಸಿಕೊಂಡು ಕವರನ್ನು ಎತ್ತಿಕೊಂಡಳು. ಹತ್ತಿರ ಹಿಡಿದಳು, ದೂರ ಹಿಡಿದಳು, ತಲೆಕೆಳಗು ಮಾಡಿ ನೋಡಿದಳು.

"ಇದು ಜಾಂಗಿರಿ ಎಳುತ್ತಲ್ಲಾ ಕಣ್ಣು. ಇದು ನಂಗೆ ಎಲ್ಲಿ ಓದಕ್ಕೆ ಬರ್ತದೆ? ನಂದು ನೆನ್ನೆಯೇ ಕೊಟ್ಟಾಯ್ತು." ಸೊಂಟದ ಚೀಲದಿಂದ ಇನ್ನೊಂದು ಶಿಲುಬೆಯ ಕವರು ತೆಗೆದು ತೋರಿಸಿದಳು. ಅದರ ಮೇಲೂ ಅವ್ವ ಎಂದೇ ಇತ್ತು, ತಮಿಳು ಅಕ್ಷರದಲ್ಲಿ. "ಈ ಎಳುತ್ತು ಓದೋಳು ಈ ಸಾಲಲ್ಲಿ ನೀ ಒಬ್ಬಳೇ. ನಿನ್ನ ಪುಸ್ತಕದಲ್ಲಿ ಇಟ್ಟದ್ದನ್ನ ತಂದು ನಂಗ್ಯಾಕೆ ಎಸೀತೀಯೇ, ಹುಚ್ಚು ಪೈತ್ಯ?"

ನಾನು ಕವರನ್ನು ಆಕೆಯ ಕೈಯಿಂದ ಇಸಿದುಕೊಂಡು ಪಕ್ಕದಲ್ಲೇ ಕೂತೆ. ಮಗಳು ನನ್ನನ್ನು ಒಮ್ಮೆಯೂ ಅವ್ವ ಎಂದು ಕರೆದವಳಲ್ಲ, ಬರೆದಿದ್ದಳು. ನಾನೋ ಅದನ್ನು ಮೊರದೊಳಗೆ, ಬೆಳ್ಳುಳ್ಳಿ ಸಿಪ್ಪೆಯ ನಡುವೆ ಎಸೆದಿದ್ದೆ. ನಾಚಿಕೆಯಿಂದ ಸಾಯುವ ಹಾಗಾಯಿತು. ಅಷ್ಟಾದರೂ ಬುದ್ಧಿ ಎಲ್ಲಿ ಬಂತು? ಆಕೆಗೆ ನೆನ್ನೆ, ನನಗೆ ಇವತ್ತು ಎಂಬುದು ಮುಳ್ಳಿನಂತೆ ಚುಚ್ಚಿತು.

"ನಿಮ್ಮದ್ರಲ್ಲಿ ಎಷ್ಟಿತ್ತು ದೊಡ್ಡಮ್ಮ?" ನನಗರಿವಿಲ್ಲದೆ ಬಾಯಿಂದ ಬಂದುಬಿಟ್ಟಿತು.

ಆಕೆ ಸ್ವಲ್ಪವೂ ಮುಚ್ಚುಮರೆಯಿಲ್ಲದೆ, "ಸಾವಿರ," ಎಂದಳು. ನಾನು ಗೋಡೆಗೆ ತಿರುಗಿ ನನ್ನದನ್ನು ಬಿಚ್ಚಿದೆ. ಸಾವಿರವೇ. ಒಂದು ಹತ್ತು ರೂಪಾಯಿ ಹೆಚ್ಚಿಗೆ ಇಡಬಾರದಿತ್ತೇ ಈ ಹುಡುಗಿ ಎನ್ನಿಸಿತು. ಆಕೆ ನನ್ನ ಬೆನ್ನು ನೋಡುತ್ತ ನಗುತ್ತಿದ್ದಳು. ನಗು ತಡೆಯಲಾರದೆ ನಾನೂ ನಕ್ಕೆ, ಕಣ್ಣಲ್ಲಿ ನೀರೂ ಬಂತು. ಮೊರ ಎಳೆದುಕೊಂಡು ಬೆಳ್ಳುಳ್ಳಿ ಸುಲಿಯತೊಡಗಿದೆ.

ಅಷ್ಟರಲ್ಲಿ ಗೇಟು ಕಿರುಗುಟ್ಟಿತು. "ಅವ್ವಾ," ಎಂದು ಎಂದಿನಂತೆ ಮಗಳ ಕೂಗು ಕೇಳಿತು.

ಕರೆದದ್ದು ಆಕೆಯನ್ನೇ ಇರಬಹುದು. ದೊಡ್ಡಮ್ಮ ಬಾಯಿ ತೆರೆಯುವ ಮೊದಲೇ ನಾನು, "ಓ," ಎಂದೆ.