ನಾಗರತ್ನಕ್ಕ ತರಿಸಿದ ಬಣ್ಣ

ಟಿವಿಯ ಹಿಂಬದಿ ಬಿಚ್ಚಿದರೆಂದರೆ ನಾಗರತ್ನಕ್ಕನ ಎಡಗೈ ತಾನಾಗಿ ಬೆನ್ನ ಹಿಂದೆ ಹೋಗುತ್ತಿತ್ತು. ಬಲಗೈಯೊಂದರಲ್ಲೇ ಕೆಲಸ. "ಎರಡೂ ಕೈ ಒಳಗಿಟ್ರೆ ಕರೆಂಟು ಎದೆ ದಾಟ್ಕೊಂಡು ಹೋಗುತ್ತೆ ಕಣೋ" ಎನ್ನುತ್ತಿದ್ದರು. ಸಿದ್ದಾಪುರದ ಆ ರಿಪೇರಿ ಅಂಗಡಿ ಅವರ ಗಂಡನದು. ಗಂಡ ತೀರಿಕೊಂಡಾಗ ಅಣ್ಣಂದಿರು ಮಾರಿಬಿಡು ಎಂದರು. ಅಕ್ಕ ಮಾರಲಿಲ್ಲ, ಗಂಡನ ಪಕ್ಕ ಕೂತು ಕಲಿತ ಕೆಲಸವನ್ನೇ ಹಿಡಿದರು. ಬಂದವರು "ಮೆಕ್ಯಾನಿಕ್ ಇಲ್ವಾಮ್ಮ?" ಎಂದು ಒಳಗೆ ಇಣುಕಿದರೆ, "ಇದಾರೆ. ನಿಮ್ ಮುಂದೇನೇ ನಿಂತಿದಾರೆ" ಎಂಬ ಉತ್ತರ. ಮುಖದಲ್ಲಿ ನಗು ಇರುತ್ತಿರಲಿಲ್ಲ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು, ಗೇಟು ಗ್ರಿಲ್ಲುಗಳ ವೆಲ್ಡರ್. ಅವರ ಅಂಗಡಿಯ ಶಟರ್ ಸರಿ ಮಾಡಲು ಹೋಗಿ ಪರಿಚಯವಾಯಿತು. "ನಿಂದು ದೊಡ್ಡ ಬೆಸುಗೆ, ನಂದು ಚಿಕ್ಕದು. ಬಿಟ್ಕೊಂಡ್ರೆ ಹೋಗೋ ಮರ್ಯಾದೆ ಮಾತ್ರ ಒಂದೇ ಸೈಜು" ಎಂದಿದ್ದರು.

ಜೆ.ಪಿ. ನಗರದಲ್ಲಿ ಒಂದು ಇಡೀ ಸಾಲಿನ ಮನೆಗಳಿಗೆ ಗೇಟು ಮಾಡಿ, ಆ ದುಡ್ಡಲ್ಲಿ ನಾನೊಂದು ದೊಡ್ಡ ಟಿವಿ ತಂದಿದ್ದೆ. ಕೆಲವು ವರ್ಷಗಳ ನಂತರ, ಒಂದು ಭಾನುವಾರ, ಹೆಂಡತಿಯ ತಮ್ಮ ಮಂಜುನಾಥ ಪುಟ್ಟೇನಹಳ್ಳಿಯ ನಮ್ಮ ಮನೆಗೆ ಲ್ಯಾಪ್‌ಟಾಪ್ ಹಿಡಿದು ಬಂದ. ಸಿನಿಮಾ ಹಾಕಿ, ವೈರ್ ಚುಚ್ಚಿದ. ಟಿವಿಯಲ್ಲಿ ಚಿತ್ರವೇನೋ ಬಂತು, ಆದರೆ ಬರೀ ಕಪ್ಪು ಬಿಳುಪು.

"ಭಾವ, ನಿಮ್ ಡಬ್ಬ ಮುಗೀತು. ಶೋರೂಮಿನವ್ರೂ ಅದೇ ಹೇಳಿದ್ರು. ನಾಳೆ ಬಂದು ಎತ್ಕೊಂಡು ಹೋಗ್ತಾರೆ, ಎಕ್ಸ್‌ಚೇಂಜಲ್ಲಿ ಹೊಸದು ಬರುತ್ತೆ."

ನನ್ನನ್ನು ಕೇಳದೆಯೇ ಹೊರಗೆ ಹೋಗಿ ಫೋನಲ್ಲಿ ಅವರ ಹತ್ತಿರ ಮಾತಾಡಿ ಬಂದಿದ್ದ. ಹೆಂಡತಿಯೂ "ಹೋಗ್ಲಿ ಬಿಡ್ರೀ" ಎಂದಳು. ನಾನು ಟಿವಿಎಸ್ ಹತ್ತಿ ಸೀದಾ ನಾಗರತ್ನಕ್ಕನ ಮನೆಗೆ ಹೋದೆ.

ಅಕ್ಕ ಚೀಲದಲ್ಲಿ ಬೆಸುಗೆ ಕಡ್ಡಿ ಹಾಕಿಕೊಂಡು ನನ್ನ ಹಿಂದೆ ಕೂತು ಬಂದರು. ಮಂಜ ಅವರನ್ನು ಮೇಲೆ ಕೆಳಗೆ ನೋಡಿ, "ಆಂಟಿ, ಇದು ಕಂಪ್ಯೂಟರ್ ವಿಷ್ಯ. ಶೋರೂಮಲ್ಲೇ ಆಗಲ್ಲ ಅಂದಿದಾರೆ, ನಿಮ್ಗೆ ಗೊತ್ತಾಗಲ್ಲ" ಎಂದ.

"ಅವ್ರು ಮಾರೋರು ಕಣಪ್ಪ. ಆಗುತ್ತೆ ಅಂದ್ರೆ ಅವ್ರಿಗೇನು ಲಾಭ?"

ಅಕ್ಕ ಟಿವಿಯನ್ನು ಮುಟ್ಟಲೇ ಇಲ್ಲ. ವೈರ್ ಹಿಡಿದು, ತುದಿ ಸೀಳಿ, ಬೆಳಕಿಗೆ ಹಿಡಿದರು. "ನಿನ್ ಲ್ಯಾಪ್‌ಟಾಪು ಬೆಳಕನ್ನ ಒಂದು ತಂತೀಲಿ, ಬಣ್ಣನ ಇನ್ನೊಂದ್ರಲ್ಲಿ ಕಳಿಸ್ತಿದೆ. ಟಿವಿಗೆ ಎರಡೂ ಒಂದೇ ತೂತಲ್ಲಿ ಬೇಕು. ನೀನು ತಂದಿರೋ ವೈರಲ್ಲಿ ಬಣ್ಣದ ತಂತೀನ ಎಲ್ಲಿಗೂ ಸೇರಿಸೇ ಇಲ್ಲ. ಟಿವಿ ಏನ್ ಮಾಡುತ್ತೆ ಪಾಪ?" ಚೀಲದಿಂದ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಕೆಪಾಸಿಟರ್ ತೆಗೆದು ಎರಡು ತಂತಿಗಳ ನಡುವೆ ಬೆಸೆದರು. ಬೆಸುಗೆಯ ರಾಳದ ಹೊಗೆ ಎದ್ದಿತು. "ಹಾಕು."

ಮಂಜ ಹಾಕಿದ. ಹೀರೋನ ಅಂಗಿ ಕೆಂಪಾಯಿತು.

ಮಂಜ "ಸಖತ್ ಆಂಟಿ, ನಮ್ಮನೇಲೂ ಒಂದು..." ಎಂದು ಶುರು ಮಾಡಿದ.

"ಬರ್ತೀನಿ. ಮೊದ್ಲು ಶೋರೂಮಿಗೆ ಫೋನ್ ಮಾಡು. ಬರ್ಬೇಡಿ ಅನ್ನು. ನಮ್ ಮುಂದೇನೇ ಮಾಡು."

ಮಾಡಿದ. ಅವನು ಫೋನು ಇಡುವವರೆಗೂ ಅಕ್ಕ ಕದಲಲಿಲ್ಲ. ಆಮೇಲೆ ನನ್ನ ಹೆಂಡತಿ ತಂದಿಟ್ಟ ಕಾಫಿ ಲೋಟಕ್ಕೆ ಕೈ ಹಾಕಿದರು.

ಅಕ್ಕನನ್ನು ಕೊನೆಯ ಸಲ ನೋಡಿದ್ದು ಸುಬ್ರಹ್ಮಣ್ಯಪುರದಲ್ಲಿ, ಅವರ ಮಗಳ ಮನೆಯಲ್ಲಿ. ಕಟ್ಟಡ ಒಡೆದಾಗ ಅಂಗಡಿ ಹೋಗಿತ್ತು, ಅಕ್ಕ ಹಾಸಿಗೆ ಹಿಡಿದಿದ್ದರು. ನನ್ನ ಟಿವಿಯೂ ಆ ತಿಂಗಳು ಪಿಕ್ಚರ್ ಟ್ಯೂಬ್ ಸತ್ತು ಗುಜರಿಗೆ ಹೋಗಿತ್ತು. "ಕೊನೆಗೆ ಮಂಜನೇ ಗೆದ್ದ ಅಕ್ಕ" ಎಂದು ಗೋಳಾಡಿದೆ.

ಸಿಟ್ಟಿನಿಂದ ಮೊಣಕೈ ಊರಿ ಎದ್ದು ಕೂತರು. "ಟ್ಯೂಬ್ ಅಂದ್ಮೇಲೆ ಸಾಯುತ್ತೆ, ನಾನೂ ಸಾಯ್ತೀನಿ. ಅವತ್ತು ಬಣ್ಣ ಬಂದಿತ್ತೋ ಇಲ್ವೋ, ಅಷ್ಟು ಹೇಳು."

"ಬಂದಿತ್ತಕ್ಕ."

"ಮತ್ತೆ? ಅವ್ನು ಎಲ್ಲಿ ಗೆದ್ದ?"

ಆ ವರ್ಷವೇ ಹೋಗಿಬಿಟ್ಟರು. ಈಗಲೂ ಹಬ್ಬಕ್ಕೆ ಸೇರಿದಾಗ ಮಂಜ, "ಅವತ್ತು ಏನೋ ಸ್ವಲ್ಪ ಬಣ್ಣ ಬಂದಿತ್ತು" ಎನ್ನುತ್ತಾನೆ. ಊಟದ ಎಲೆಯ ಮುಂದೆ ಕೂತಿದ್ದರೂ ಸರಿ, ನಾನು ತುತ್ತು ಕೆಳಗಿಟ್ಟು ತಿದ್ದುತ್ತೇನೆ: ಸ್ವಲ್ಪ ಅಲ್ಲ, ಪೂರ್ತಿ ಬಂದಿತ್ತು.