ಮಲ್ಲಿಗೆ ಮಂಡಿಯಲ್ಲಿ ಬಯಲಾದ ಗುಟ್ಟು

"ಓದಿದ ಹುಡುಗಿ, ಬೆಲೆ ಏನ್ ಗೊತ್ತು? ಅರ್ಧಕ್ಕೆ ಕೇಳು" ಎಂದು ಭಾವಮೈದುನನಿಗೆ ಕನ್ನಡದಲ್ಲಿ ಪಿಸುಗುಟ್ಟಿದೆ. ತಮಿಳುನಾಡಿನ ನಿಲಕ್ಕೋಟ್ಟೈ ಹೂವಿನ ಮಂಡಿಯಲ್ಲಿ ನಮ್ಮ ಚೌಕಾಸಿ ತಮಿಳಿನಲ್ಲಿ, ಗುಟ್ಟು ಮನೆಮಾತಿನಲ್ಲಿ. ಹೂವು ಕೊಂಡು ದೂರದೂರಿಗೆ ಕಳಿಸುವ ವ್ಯಾಪಾರದಲ್ಲಿ ಇಷ್ಟು ವರ್ಷ ಹಾಗೇ ಗೆದ್ದವನು ನಾನು. ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಅಪ್ಪನ ತೋಟದ ಮಲ್ಲಿಗೆ ಮಾರಲು ಕೂತಿದ್ದ ಅವಳನ್ನು ಪಕ್ಕದವರು ಆಡಿಕೊಳ್ಳುತ್ತಿದ್ದರು.

ಅವಳು ತಲೆ ಎತ್ತದೆ ನಮ್ಮದೇ ಕನ್ನಡದಲ್ಲಿ ಅಂದಳು: "ಮಾಮಾ, ಯಾವ ಹೊತ್ತಲ್ಲಿ ಕುಯ್ಯಬೇಕು ಅಂತ ಓದಿರೋದಕ್ಕೇ ಈ ಮೊಗ್ಗು ನಾಳೆಗಂಟ ಅರಳಲ್ಲ. ದೂರದೂರಿಗೆ ಕಳಿಸೋರು ನೀವು, ನಿಮಗೇ ಬೇಕಾದ್ದು. ಅರ್ಧ ಇರಲಿ, ಒಂದ್ ರೂಪಾಯೂ ಇಳಿಯಲ್ಲ."

ಅವಳದೂ ನಮ್ಮದೇ ಮನೆಮಾತು! ಕೇಳಿದ ಬೆಲೆಯನ್ನೇ ಕೊಟ್ಟೆ. ವ್ಯಾಪಾರದಲ್ಲಿ ಸೋತು ಹೆಮ್ಮೆಯಿಂದ ಮನೆಗೆ ಬಂದದ್ದು ಅದೇ ಮೊದಲು. ಅವಳ ಓದು ಹೂವಿನಲ್ಲಿ ಹಾಳಾಯಿತು ಎನ್ನುವವರು ಒಮ್ಮೆ ಅವಳ ಹತ್ತಿರ ಚೌಕಾಸಿ ಮಾಡಿ ನೋಡಲಿ. ಕನ್ನಡದಲ್ಲಿ ಗುಟ್ಟು ಮಾತ್ರ ಆಡದಿರಲಿ.