ಅರಳಿಕಟ್ಟೆ ಸುತ್ತಿದ ಮಾವ

ನಮ್ಮ ಮಾವನ ಎಡಗಾಲಿನ ಹಿಮ್ಮಡಿ ನೆಲಕ್ಕೆ ತಾಗುತ್ತಿರಲಿಲ್ಲ. ಹುಡುಗನಾಗಿದ್ದಾಗ ಗಾಡಿಯಿಂದ ಬಿದ್ದು ಸೊಟ್ಟಗಾದ ಕಾಲು. ಸ್ನಾನ ಮಾಡಿ ಜಗುಲಿಗೆ ಬಂದರೆ ಬಲಗಾಲಿನ ಗುರುತು ಪೂರ್ತಿ ಮೂಡುತ್ತಿತ್ತು, ಎಡಗಾಲಿನದು ಬೆರಳುಗಳು ಮಾತ್ರ. ನಮ್ಮ ಮಲ್ಲಿಪಟ್ಟಣದ ಕಡೆ ಜನ ಬೆನ್ನ ಹಿಂದೆ ಆಡಿಕೊಳ್ಳುವುದು ಗೊತ್ತಿದ್ದೂ ಮಾವ ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಮಾತು ಕಡಿಮೆ, ಆಡಿದರೆ ಕಡ್ಡಿ ಮುರಿದ ಹಾಗೆ.

ಮದುವೆಯಾಗಿ ವರ್ಷಗಳು ಕಳೆದರೂ ನನಗೆ ಮಕ್ಕಳಾಗಲಿಲ್ಲ. ಬೆಳಗ್ಗೆ ತಣ್ಣೀರು ಸುರಿದುಕೊಂಡು ಒದ್ದೆ ಸೀರೆಯಲ್ಲಿ ಅರಳಿಕಟ್ಟೆಯ ನಾಗರಕಲ್ಲು ಸುತ್ತುವುದು, ಹಾಸನಕ್ಕೆ ಹೋಗಿ ಸೂಜಿ ಚುಚ್ಚಿಸಿಕೊಳ್ಳುವುದು, ಎರಡೂ ನನ್ನ ಪಾಲಿಗೇ. ನಿನಗೇನೂ ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದ ಮೇಲೂ ಅತ್ತೆ ಮಗನಿಗೆ ಇನ್ನೊಂದು ಹೆಣ್ಣು ನೋಡುವ ಮಾತು ತೆಗೆದರು. ನನ್ನ ಗಂಡ ಗೋಡೆ ನೋಡುತ್ತ ಕೂತಿದ್ದರು. ಮೈ ಉರಿದುಹೋಯಿತು ನನಗೆ. ಮಾವ ಮಗನನ್ನು ಕರೆದು, "ಅವ್ಳೊಬ್ಳುನ್ನೇ ಯಾಕ್ಲಾ ಅಲೆಸ್ತೀಯ? ನೀನೂ ನಡಿ, ನಾನೂ ಬತ್ತೀನಿ" ಎಂದರು.

ಹಾಸನದಲ್ಲಿ ಗಂಡನಿಗೂ ಪರೀಕ್ಷೆಯಾಯಿತು. ವೀರ್ಯಾಣು ತುಂಬಾ ಕಡಿಮೆ ಎಂದು ಬಂತು. "ಗಂಡಸುತನಕ್ಕೂ ಇದಕ್ಕೂ ಸಂಬಂಧ ಇಲ್ಲ. ಬೀಡಿ ಬಿಡಿ, ಬೆಂಕಿ ಶಾಖದಲ್ಲಿ ಹೆಚ್ಚು ಹೊತ್ತು ಕೂರಬೇಡಿ. ಹೊಸದಾಗಿ ತಯಾರಾಗೋಕೆ ಎರಡು ಮೂರು ತಿಂಗಳು ಬೇಕು, ಆಮೇಲೆ ಇನ್ನೊಂದ್ಸಲ ನೋಡೋಣ" ಎಂದರು ಡಾಕ್ಟರು. ನಮ್ಮದೋ ತಂಬಾಕಿನ ಬೇಸಾಯ. ಎಲೆ ಒಣಗಿಸಿ ಹದ ಮಾಡುವ ಬ್ಯಾರನ್ನು ಮನೆಯ ಒಲೆ ಮುಂದೆ ದಿನಗಟ್ಟಲೆ ಕೂರುತ್ತಿದ್ದವರೇ ನನ್ನ ಗಂಡ. ವಾಪಸ್ಸು ಬರುವಾಗ ಬಸ್ಸಿನಲ್ಲಿ ಮೂವರೂ ಬೇರೆ ಬೇರೆ ಸೀಟಿನಲ್ಲಿ ಕೂತಿದ್ದೆವು.

ಮರುದಿನ ಬೆಳಗ್ಗೆ ಎದ್ದು ಬಂದರೆ ಜಗುಲಿಯ ಮೇಲೆ ಆಗಲೇ ಒದ್ದೆ ಗುರುತು, ಒಂದು ಪೂರ್ತಿ ಕಾಲು, ಒಂದು ಅರ್ಧ. ಕಟ್ಟೆಯ ಹತ್ತಿರ ಹೋಗಿ ನೋಡುತ್ತೇನೆ, ಮಾವ ಒದ್ದೆ ಪಂಚೆಯಲ್ಲಿ ಕುಂಟುತ್ತ ನಾಗರಕಲ್ಲು ಸುತ್ತುತ್ತಿದ್ದಾರೆ! ಅಲ್ಲಿದ್ದ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. "ಇದೇನಣ್ಣ, ಎಂಗಸ್ರು ಸುತ್ತೋ ಕಟ್ಟೆ ನೀನ್ಯಾಕ್ ಸುತ್ತೀಯ?" ಎಂದು ಒಬ್ಬಳು ಕೇಳಿಯೇಬಿಟ್ಟಳು.

"ಇಷ್ಟ್ ದಿನ ಸೊಸೆ ಸುತ್ತುದ್ಲು ಕಣವ್ವ. ಕಮ್ಮಿ ಇರಾದು ನಮ್ ಕಡೆ ಅಂತ ಡಾಕ್ಟ್ರು ಯೋಳವ್ರೆ. ಇನ್ಮೇಲೆ ನಾವ್ ಸುತ್ಬೇಕು."

ಊರ ಬಾಯಿಗೆ ಬೀಗ ಹಾಕಲಾದೀತೆ? ಗಂಡ ಎಷ್ಟೋ ದಿನ ಅಪ್ಪನ ಜೊತೆ ಮಾತು ಬಿಟ್ಟರು. ಅವರ ಸಂಕಟವೂ ಸಣ್ಣದಲ್ಲ, ಅದು ನನಗೂ ಗೊತ್ತು. ಆದರೆ ಎರಡನೇ ಮದುವೆಯ ಮಾತು ಮತ್ತೆ ಏಳಲಿಲ್ಲ. ಬ್ಯಾರನ್ನಿಗೆ ಬೆಂಕಿ ಹಾಕುವ ಕಾಲ ಬಂದಾಗ ಮಾವ, "ಏಳ್ಲಾ ಮೇಲೆ, ಒಲೆ ಮುಂದೆ ನಾನ್ ಕೂರ್ತೀನಿ. ನಂಗೇನ್ ಇನ್ನೂ ಮಕ್ಳಾಗ್ಬೇಕಾ?" ಎಂದರು. ನಾನು ನಕ್ಕೇಬಿಟ್ಟೆ. ನಕ್ಕು ಎಷ್ಟು ಕಾಲವಾಗಿತ್ತೋ.

ಮುಂದಿನ ಪರೀಕ್ಷೆಯಲ್ಲಿ ಗಂಡನ ಎಣಿಕೆ ಸ್ವಲ್ಪ ಏರಿತ್ತು. ಔಷಧಿಯೂ ನಡೆಯಿತು. ಮಗು ಮಾತ್ರ ಆಗಲಿಲ್ಲ. ನಾದಿನಿಯ ಸೀಮಂತದಲ್ಲಿ, ಮಕ್ಕಳಿಲ್ಲದವಳು ಮಡಿಲು ತುಂಬಬಾರದೆಂದು ಹೆಂಗಸರು ನನ್ನನ್ನು ಹಿಂದೆ ನಿಲ್ಲಿಸಿದಾಗ, ಮಾವ ಗಂಡಸರ ಸಾಲಿನಿಂದ ಎದ್ದು ಬಂದು, "ಬಾರವ್ವ ಮುಂದಕ್ಕೆ, ಮೊದ್ಲು ನೀನ್ ತುಂಬು" ಎಂದಿದ್ದರು.

ಹೋದ ಚಳಿಗಾಲದಲ್ಲಿ ಮಾವ ತೀರಿಕೊಂಡರು. ಜಗುಲಿ ಈಗ ಬೆಳಗ್ಗೆ ಒಣಗಿಯೇ ಇರುತ್ತದೆ.

ಮೊನ್ನೆ ಮೈದುನನ ಹೆಂಡತಿಯ ಸೀಮಂತ. ಮಡಿಲು ತುಂಬಲು ಒಬ್ಬೊಬ್ಬರನ್ನೇ ಕರೆದರು, ನನ್ನನ್ನು ಬಿಟ್ಟು. ಬಾಗಿಲ ಬಳಿಯಿದ್ದ ಗಂಡನ ಮುಖ ನೋಡಿದೆ. ಅಪ್ಪನ ಜಾಗದಲ್ಲಿ ನಿಂತು ಒಂದೇ ಒಂದು ಮಾತಾಡಲಿ ಎಂದು ಕಾದೆ. ಅವರು ತಲೆ ತಗ್ಗಿಸಿದರು. ಮನೆ ತುಂಬ ಜನ, ನನಗೆ ಒಬ್ಬರೂ ಇಲ್ಲ.

"ಬಾರವ್ವ ಮುಂದಕ್ಕೆ" ಎಂದು ನನಗೆ ನಾನೇ ಹೇಳಿಕೊಂಡು, ಅಕ್ಕಿಯ ಮೊರ ಎತ್ತಿಕೊಂಡು ಹೋದೆ. ಆ ಹುಡುಗಿ ಸೆರಗು ಒಡ್ಡಿದಳು.